ನಕಾಶಿ ಕಾಕಾ ಓದಿ ಹೇಳಿದ ನೋಟೀಸು

ನಕಾಶಿ ಕಾಕಾ ತೀರಿಕೊಂಡ ಸುದ್ದಿ ಕಚೇರಿಯ ವಾಟ್ಸಾಪ್ ಗುಂಪಿಗೆ ಬಂದಾಗ ನಾನು ಹುಬ್ಬಳ್ಳಿಯಿಂದ ಧಾರವಾಡಕ್ಕೆ ಬರುವ ಬಸ್ಸಿನಲ್ಲಿದ್ದೆ. ಬಸ್ಸು ಉಣಕಲ್ ದಾಟುವುದರೊಳಗೆ ಗುಂಪಿನ ತುಂಬ ಕೈಮುಗಿದ ಚಿತ್ರಗಳು. ಹಾಗೆ ಕೈಮುಗಿದವರಲ್ಲಿ ಅರ್ಧಕ್ಕರ್ಧ ಜನ, ಅವರು ಕೆಲಸದಲ್ಲಿದ್ದಾಗ ಎದುರಿಗೆ ಸಿಕ್ಕರೆ ಮುಖ ತಿರುವುತ್ತಿದ್ದವರು. ನಾನು ಏನೂ ಹಾಕಲಿಲ್ಲ. ದೊಡ್ಡಸ್ತಿಕೆಯಿಂದಲ್ಲ. ಅವರಿಗೆ ಕೈಮುಗಿಯುವ ಯೋಗ್ಯತೆ ಆ ಗುಂಪಿನಲ್ಲಿ ಎಲ್ಲರಿಗಿಂತ ಕಡಿಮೆ ಇದ್ದದ್ದು ನನಗೇ. ಯಾಕೆ ಎನ್ನುವುದನ್ನು ಹೇಳಲೆಂದೇ ಇದನ್ನು ಬರೆಯಲು ಕೂತಿದ್ದೇನೆ.

ನಮ್ಮದು ನಗರ ಯೋಜನೆಯ ಕಚೇರಿ. ಊರಿನ ಯಾವ ನೆಲದಲ್ಲಿ ಮನೆ, ಯಾವುದರಲ್ಲಿ ಅಂಗಡಿ, ಯಾವುದರಲ್ಲಿ ಉದ್ಯಾನ, ಯಾವುದು ಹೊಲವಾಗಿಯೇ ಉಳಿಯಬೇಕು ಎಂದು ಬಣ್ಣ ಬಳಿದ ದೊಡ್ಡ ನಕಾಶೆ ನಮ್ಮಲ್ಲಿರುತ್ತದೆ. ಮನೆಗೆ ಹಳದಿ, ಹೊಲಕ್ಕೆ ತಿಳಿಹಸಿರು, ಹೀಗೆ. ಯಾರಾದರೂ ತಮ್ಮ ಜಮೀನಿನ ಬಣ್ಣ ಬದಲಿಸಿಕೊಡಿ ಎಂದು ಅರ್ಜಿ ಹಾಕಿದರೆ ನಾವು ಪತ್ರಿಕೆಯಲ್ಲಿ ನೋಟೀಸು ಕೊಡುತ್ತೇವೆ. ತಕರಾರು ಇದ್ದವರು ಗಡುವಿನೊಳಗೆ ಬರೆದು ಕೊಡಬೇಕು. ಆಮೇಲೆ ಸ್ಥಳ ನೋಡಿದ ವರದಿ, ಸಭೆ, ಕೊನೆಗೆ ಕಡತ ಸರಕಾರಕ್ಕೆ. ಸ್ಥಳ ನೋಡಿ ವರದಿ ಬರೆಯುವ ಕೆಲಸ ಅವರದು. ಬಂದ ಕಾಗದ, ಹೋದ ಕಾಗದ ನೋಡಿಕೊಳ್ಳುವ ಆವಕ-ಜಾವಕದ ಮೇಜು ನನ್ನದು. ಕಚೇರಿಯ ದಾಖಲೆಯಲ್ಲಿ ಅವರಿಗೊಂದು ಉದ್ದನೆಯ ಹೆಸರು, ಅದಕ್ಕಿಂತ ಉದ್ದನೆಯ ಹುದ್ದೆ ಇತ್ತು. ಹೊರಗಿನ ಜನಕ್ಕೆ ಮಾತ್ರ ಅವರು ನಕಾಶಿ ಕಾಕಾ.

ಎತ್ತರದ, ತುಸು ಬಾಗಿದ ಆಳು. ಹೆಗಲಿಗೆ ಖಾಕಿ ಬಟ್ಟೆಯ ಚೀಲ. ಅದರೊಳಗೆ ಅಳತೆಯ ಟೇಪು, ಬಣ್ಣದ ಪೆನ್ಸಿಲ್ಲು, ನೀರಿನ ಬಾಟಲಿ, ಒಂದು ಡಬ್ಬಿ ಚುರಮುರಿ. ಸ್ಥಳ ನೋಡಲು ಹೋದಾಗ ಅರ್ಜಿದಾರರ ಚಹಾ ಕೂಡ ಮುಟ್ಟುತ್ತಿರಲಿಲ್ಲ, ಅದಕ್ಕೇ ಈ ಚುರಮುರಿಯ ವ್ಯವಸ್ಥೆ. ಒಮ್ಮೆ ಯಾರೋ ಪೇಢೆಯ ಪೆಟ್ಟಿಗೆ ತಂದು ಅವರ ಮೇಜಿನ ಮೇಲಿಟ್ಟರು. "ಸಕ್ಕರಿ ಬ್ಯಾನಿ ಐತ್ರಿ ನನಗ," ಎಂದು ಪೆಟ್ಟಿಗೆಯನ್ನು ತಂದವರ ಕೈಗೇ ಕೊಟ್ಟು ಕಳಿಸಿದರು. ಮರುದಿನ ನೋಡಿದರೆ ತಾವೇ ಪೇಟೆಯಿಂದ ತಂದ ಪೇಢೆ ತಿನ್ನುತ್ತ ಕೂತಿದ್ದಾರೆ.

"ಕಾಕಾ, ಸಕ್ಕರಿ ಬ್ಯಾನಿ?" ಎಂದೆ.

"ಅದು ಅರ್ಜಿದಾರರ ಪೇಢೆ ಕಂಡಾಗ ಅಷ್ಟ ಬರ್ತೈತ್ರಿ, ಬಾಯಾರ," ಎಂದು ನನಗೂ ಒಂದು ಕೊಟ್ಟರು.

ನಕಾಶೆಯನ್ನು ಮೇಜಿನ ಮೇಲೆ ಹಾಸಿದಾಗ ಅವರು ಕೇಳುವ ಮೊದಲ ಪ್ರಶ್ನೆ ಯಾವಾಗಲೂ ಒಂದೇ: "ಈ ಹಸಿರಿನ್ಯಾಗ ಯಾರ ಅದಾರ್ರಿ?" ಸಾಹೇಬರು, "ಯಾರೂ ಇಲ್ಲರಿ, ಖಾಲಿ ಜಾಗಾ ಅದು," ಎನ್ನುತ್ತಿದ್ದರು. "ಖಾಲಿ ಜಾಗಾ ನಾ ಇನ್ನೂ ನೋಡಿಲ್ಲರಿ, ಸಾಹೇಬ್ರ," ಎಂದು ಇವರು ಚೀಲ ಏರಿಸಿ ಹೊರಡುತ್ತಿದ್ದರು. ಇದು ಎಷ್ಟು ಸಲ ನಡೆದಿತ್ತೆಂದರೆ, ಅವರು ಬಾಗಿಲು ದಾಟುವ ಮೊದಲೇ ನಾವೆಲ್ಲ ನಗಲು ಶುರು ಮಾಡುತ್ತಿದ್ದೆವು.

ಪತ್ರಿಕೆಯಲ್ಲಿ ನೋಟೀಸು ಬಂದರೆ ನಮ್ಮ ಪಾಲಿನ ಕೆಲಸ ಮುಗಿಯಿತು, ನಿಯಮದಲ್ಲಿ ಅದಕ್ಕಿಂತ ಹೆಚ್ಚೇನೂ ಇಲ್ಲ. ಆದರೆ ಆರನೇ ಪುಟದ ಮೂಲೆಯಲ್ಲಿ ಟೆಂಡರು, ಹರಾಜುಗಳ ನಡುವೆ ಅಚ್ಚಾದ ಆ ನಾಲ್ಕು ಬೆರಳಿನ ನೋಟೀಸನ್ನು ಯಾರು ಓದುತ್ತಾರೆ? ಕಾಕಾ ಅದನ್ನು ಕತ್ತರಿಸಿ ಚೀಲದಲ್ಲಿಟ್ಟುಕೊಂಡು ಆ ಓಣಿಗೇ ಹೋಗುತ್ತಿದ್ದರು. ಸುಮ್ಮನೆ ಅಲ್ಲ, ನಳ ಬರುವ ದಿನ ಯಾವುದೆಂದು ವಿಚಾರಿಸಿಕೊಂಡು. ನಮ್ಮೂರಲ್ಲಿ ನಳಕ್ಕೆ ನೀರು ಬಿಡುವುದು ನಾಲ್ಕೈದು ದಿನಕ್ಕೊಮ್ಮೆ. ಆ ದಿನ ಮಾತ್ರ ಹೆಣ್ಣುಮಕ್ಕಳು ಕೆಲಸಕ್ಕೆ ಹೋಗದೆ ಕೊಡ, ಬ್ಯಾರೆಲ್ಲು ಹಿಡಿದು ಓಣಿಯಲ್ಲೇ ಇರುತ್ತಾರೆ. ಅವರ ನಡುವೆ ನಿಂತು ಕಾಕಾ ದೊಡ್ಡ ದನಿಯಲ್ಲಿ ಓದುತ್ತಿದ್ದರು. ಒಮ್ಮೆ ಹೊಸದಾಗಿ ಬಾಡಿಗೆಗೆ ಬಂದ ಹೆಂಗಸೊಬ್ಬಳು ಕೈಯಲ್ಲಿ ಪೇಪರು, ಹೆಗಲಲ್ಲಿ ಚೀಲ ನೋಡಿ ರದ್ದಿಯವನೆಂದು ತಿಳಿದು, ಮನೆಯ ಹಳೇ ಪೇಪರಿನ ಕಟ್ಟು ತಂದು ಮುಂದಿಟ್ಟಳಂತೆ. ಅದನ್ನು ನಮಗೆ ಹೇಳಿ ತಾವೇ ಹೊಟ್ಟೆ ಹಿಡಿದು ನಕ್ಕರು.

ಓದುವುದೆಂದರೆ ಇದ್ದದ್ದನ್ನು ಇದ್ದಹಾಗೆ ಓದುವುದಲ್ಲ. ನೋಟೀಸಿನಲ್ಲಿ ಸರ್ವೇ ನಂಬರು, ಅದರ ಕೆಳಗೆ ಹಿಸ್ಸಾ ನಂಬರು. ಓಣಿಯ ಜನಕ್ಕೆ ಹೊಲಗಳು ಗೊತ್ತಿರುವುದು ಹೆಸರಿನಿಂದ: ಹುಣಸಿಗಿಡದ ಪಟ್ಟಿ, ಹಾಳಬಾವಿ ಹೊಲ, ಗೌಡರ ಮಡ್ಡಿ. ಕಾಕಾ ಮೊದಲು ಹಿರಿಯರ ಹತ್ತಿರ ಕೂತು ಯಾವ ನಂಬರಿಗೆ ಯಾವ ಹೆಸರು ಎಂದು ತಿಳಿದುಕೊಳ್ಳುತ್ತಿದ್ದರು. ಓದುವಾಗ ನಂಬರನ್ನು ಬಿಟ್ಟು ಹೆಸರನ್ನೇ ಹೇಳುತ್ತಿದ್ದರು. ನಿಯಮ ಮೀರಿದಂತಾಗುತ್ತದಲ್ಲ ಎಂದು ನಾನು ಒಮ್ಮೆ ಕೊಂಕು ತೆಗೆದೆ.

"ನಂಬರ್ ಹೇಳಿದ್ರ ಅವರಿಗೇನ್ ತಿಳೀಬೇಕ್ರಿ? ನಿಮ್ಮನ್ನ ನಾ ಆಧಾರ್ ನಂಬರ್ ಹಿಡದು ಕೂಗಿದ್ರ ನೀವು ಓ ಅಂತೀರೇನು?" ಎಂದರು.

ಹಾಗಂತ ಅವರೇನು ದೇವರಲ್ಲ. ಅವರ ಮೇಜಿಗೆ ಹೋದ ಕಡತ ಬೇಗ ಎದ್ದು ಬರುತ್ತಿರಲಿಲ್ಲ. ನಾಲ್ಕು ಸಾಲಿನಲ್ಲಿ ಮುಗಿಯುವ ವರದಿಯನ್ನು ನಾಲ್ಕು ಪುಟ ಬರೆದು ಟೈಪು ಮಾಡಲು ನನಗೆ ಕೊಡುತ್ತಿದ್ದರು. ನಾನೂ ಬಾಯಿಯ ಬಲದ ಹೆಂಗಸು, ವಾರಕ್ಕೊಮ್ಮೆಯಾದರೂ ಜಗಳವಾಗುತ್ತಿತ್ತು. ಬಣ್ಣ ಬದಲಿಸುವುದನ್ನೇ ವಿರೋಧಿಸುವ ಮನುಷ್ಯ ಎಂದು ಬಿಲ್ಡರುಗಳು ಆಡಿಕೊಳ್ಳುತ್ತಿದ್ದುದು ಮಾತ್ರ ಸುಳ್ಳು. ಹಳದಿ ಬಣ್ಣದ ಓಣಿಯಲ್ಲಿ ಹಿಟ್ಟಿನ ಗಿರಣಿ ಹಾಕಲು ಒಬ್ಬ ವಿಧವೆ ಅನುಮತಿ ಕೇಳಿದ್ದಳು. ಶಬ್ದದ ಕಾರಣಕ್ಕೆ ಆಗುವುದಿಲ್ಲ ಎಂದು ಬರೆದು ಕೈತೊಳೆದುಕೊಳ್ಳಬಹುದಿತ್ತು. ಇವರು, ಅವಳು ಆಗಲೇ ತಂದಿಟ್ಟಿದ್ದ ಗಿರಣಿಯನ್ನು ಒಮ್ಮೆ ಚಾಲೂ ಮಾಡಿಸಿ, ಅಕ್ಕಪಕ್ಕದ ನಾಲ್ಕೂ ಮನೆಗಳ ಒಳಗೆ ಹೋಗಿ ಗೋಡೆಗೆ ಕಿವಿಯಿಟ್ಟು ನಿಂತು ಬಂದರು. "ಒಂದು ಮನ್ಯಾಗ ಟಿವಿ ಸಪ್ಪಳದಾಗ ಗಿರಣಿ ಕೇಳಿಸಲೇ ಇಲ್ಲರಿ," ಎಂದು ವರದಿಯಲ್ಲೂ ಬರೆದಿದ್ದರು. ಆ ಸಾಲನ್ನು ಸಾಹೇಬರು ಹೊಡೆದು ಹಾಕಿದರೂ ಗಿರಣಿಗೆ ಅನುಮತಿ ಸಿಕ್ಕಿತು.

ಈಗ ಕೂಸಿನ ಮಡ್ಡಿಯ ಮಾತು.

ಧಾರವಾಡದ ಅಂಚಿನಲ್ಲಿ ಒಂದು ಹಳೇ ಊರಿದೆ, ಈಗ ನಗರದೊಳಗೇ ಸೇರಿಹೋಗಿದೆ. ಅದರ ಹಿಂದಿನ ಹೊಲಗಳನ್ನು ಒಬ್ಬ ಬಿಲ್ಡರು ಕೊಂಡು, ತಿಳಿಹಸಿರನ್ನು ಹಳದಿ ಮಾಡಿಕೊಡಿ, ಬಡಾವಣೆ ಮಾಡುತ್ತೇನೆ ಎಂದು ಅರ್ಜಿ ಹಾಕಿದ. ಅವನು ಕೊಂಡ ಜಮೀನಿನೊಳಗೇ ಒಂದು ಬದಿಗೆ ಕಲ್ಲು, ಮುಳ್ಳುಕಂಟಿಯ ಎತ್ತರದ ಜಾಗ, ನಮ್ಮ ಕಡೆ ಮಡ್ಡಿ ಅನ್ನುತ್ತೇವೆ. ನೋಡುವವರಿಗೆ ಅಲ್ಲಿ ಏನೂ ಇಲ್ಲ. ಆದರೆ ಆ ಊರಿನ ಜನ ತಲೆತಲಾಂತರದಿಂದ, ಹಾಲು ಕುಡಿಯುವ ವಯಸ್ಸಿನಲ್ಲೇ ಹೋದ ಮಕ್ಕಳನ್ನು ಅಲ್ಲಿ ಮಣ್ಣು ಮಾಡುತ್ತ ಬಂದಿದ್ದರು. ದೊಡ್ಡವರ ಸ್ಮಶಾನ ಬೇರೆ, ಅದು ದಾಖಲೆಯಲ್ಲಿದೆ. ಮಕ್ಕಳದು ಯಾವ ದಾಖಲೆಯಲ್ಲೂ ಇರಲಿಲ್ಲ. ಒಂದು ಕೂಸಿಗೆ ಒಂದು ಕಲ್ಲು, ಅಷ್ಟೇ ಗುರುತು.

ನೀಲವ್ವ ಅಂತ ಆ ಊರಲ್ಲಿ ರೊಟ್ಟಿ ಬಡಿದು ಖಾನಾವಳಿಗಳಿಗೆ ಕೊಡುವ ಹೆಂಗಸು. ಅವಳ ಹನ್ನೊಂದು ದಿನದ ಹೆಣ್ಣುಕೂಸು ಅಲ್ಲಿತ್ತು. ಹೆಸರಿಡುವ ಮೊದಲೇ ಹೋದದ್ದು. ಒಂದು ಫೋಟೋ ಇಲ್ಲ, ಹೆಸರಿಲ್ಲ, ಆ ಕೂಸು ಹುಟ್ಟಿತ್ತು ಎನ್ನುವುದಕ್ಕೆ ಅವಳಿಗೆ ಉಳಿದಿದ್ದದ್ದು ಆ ಕಲ್ಲು ಒಂದೇ. ಕಾಕಾ ನಳ ಬರುವ ದಿನ ನೋಟೀಸು ಓದಿದಾಗ, ತುಂಬುತ್ತಿದ್ದ ಕೊಡ ಬಿಟ್ಟು ಮುಂದೆ ಬಂದವಳು ಅವಳೇ ಅಂತೆ.

ಕಾಕಾ ಅವರಿಗೆಲ್ಲ ಸಮಾಧಾನದಿಂದ ತಿಳಿಸಿ ಹೇಳಿದ್ದರು: ಬಡಾವಣೆಯನ್ನು ತಡೆಯುವುದು ಕಷ್ಟ. ಆದರೆ ಯಾವ ಬಡಾವಣೆಯಲ್ಲೂ ಉದ್ಯಾನಕ್ಕೆ ಇಷ್ಟು ಜಾಗ ಬಿಡಲೇಬೇಕು. ಆ ಉದ್ಯಾನವನ್ನು ಮಡ್ಡಿಯ ಮೇಲೇ ಬಿಡಿ ಎಂದು ನೀವು ಬರೆದು ಕೊಟ್ಟರೆ, ಅದನ್ನು ಷರತ್ತಾಗಿ ಸೇರಿಸಲು ಬರುತ್ತದೆ. ಗಡುವಿನೊಳಗೆ ಕೊಡಿ. ಅಷ್ಟು ಹೇಳಿ ಬಂದವರು ಮರುವಾರ ಕಣ್ಣಿನ ಪೊರೆಯ ಆಪರೇಶನ್ನಿಗೆ ರಜೆ ಹಾಕಿದರು. ಡಾಕ್ಟರು ಧೂಳಿಗೆ ಹೋಗಬಾರದು, ಓದಬಾರದು ಎಂದಿದ್ದರು.

ನೀಲವ್ವ ಇಬ್ಬರು ಹೆಂಗಸರ ಜೊತೆ ನನ್ನ ಮೇಜಿಗೆ ಬಂದದ್ದು ಊಟದ ಹೊತ್ತಿಗೆ. ಅಂಗನವಾಡಿ ಟೀಚರಿಂದ ಬರೆಸಿದ ಅರ್ಧ ಹಾಳೆ, ಕೆಳಗೆ ಒಂದಿಷ್ಟು ಹೆಬ್ಬೆಟ್ಟು, ಒಂದಿಷ್ಟು ಸಹಿ. ಆ ಊರಿನವರು ಸರಕಾರಿ ಕಚೇರಿಗೆ ತಾವಾಗಿ ಕೊಟ್ಟ ಮೊದಲ ಅರ್ಜಿ ಅದು ಎಂದು ಆಮೇಲೆ ತಿಳಿಯಿತು.

"ಸರ್ವೇ ನಂಬರ್ ಎಷ್ಟವ್ವಾ?" ಎಂದು ಕೇಳಿದೆ.

"ಕೂಸಿನ ಮಡ್ಡಿ ರೀ, ಅಕ್ಕಾರ."

"ಅದು ಹೆಸರಾತು. ನಂಬರ್ ಬೇಕು."

"ಕಾಕಾ ಅವರು ಕೂಸಿನ ಮಡ್ಡಿ ಅಂತನ ಓದಿದ್ರು ನೋಡ್ರಿ. ಅವರಿಗೆಲ್ಲಾ ಗೊತ್ತೈತಿ."

ಕಾಕಾ ರಜೆಯಲ್ಲಿದ್ದಾರೆ ಎಂದೆ. ನನಗೆ ಹಸಿವಾಗಿತ್ತು. ಇಂಥ ಅರ್ಜಿಗಳು ದಿನಾ ಬರುತ್ತವೆ, ಗಟಾರು, ಬೀದಿದೀಪ, ಸ್ಮಶಾನದ ದಾರಿ. ಇದೂ ಅಂಥದ್ದೇ ಎಂದುಕೊಂಡು ಠಸ್ಸೆ ಒತ್ತಿ, ಸ್ವೀಕೃತಿ ಬರೆದುಕೊಟ್ಟು, ಯಾವ ಕಡತಕ್ಕೂ ಸೇರದ ಕಾಗದಗಳನ್ನು ಹಾಕುವ ಸಂಕೀರ್ಣ ಎಂಬ ಕಟ್ಟಿಗೆ ಹಾಕಿದೆ. ನೀಲವ್ವ ಠಸ್ಸೆಯ ಹಸಿ ಶಾಯಿ ಅಳಿಸದಂತೆ ಊದುತ್ತ, ಕಾಗದವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಹೋದಳು. ಕೆಲಸ ಆಯಿತು ಎಂದು ಅವಳಿಗೆ ಅನಿಸಿತ್ತು.

ಗಡುವು ಮುಗಿದ ಮೇಲೆ ಆ ಬಿಲ್ಡರನ ಕಡತಕ್ಕೆ ಒಂದು ಸಾಲು ಟೈಪು ಮಾಡಿದವಳೂ ನಾನೇ: ನಿಗದಿತ ಅವಧಿಯಲ್ಲಿ ಯಾವುದೇ ಆಕ್ಷೇಪಣೆ ಸ್ವೀಕೃತವಾಗಿರುವುದಿಲ್ಲ. ಕಾಕಾರ ಬದಲಿಗೆ ಹೋದವರು ಕಾರಿನಿಂದ ಇಳಿದು ಮಡ್ಡಿ ನೋಡಿ, ಖಾಲಿ ಕಲ್ಲುಭೂಮಿ ಎಂದು ವರದಿ ಕೊಟ್ಟರು. ಸಭೆ ಒಪ್ಪಿತು, ಕಡತ ಹೋಯಿತು.

ಕರಿ ಕನ್ನಡಕ ಹಾಕಿಕೊಂಡು ಕಾಕಾ ಮರಳಿ ಬಂದ ದಿನ, ಚೀಲ ಇಳಿಸುವುದಕ್ಕೂ ಮೊದಲು ನನ್ನ ಮೇಜಿಗೇ ಬಂದರು. "ಬಾಯಾರ, ಕೂಸಿನ ಮಡ್ಡಿ ಅರ್ಜಿ ಬಂದಿರಬೇಕಲ್ಲ?" ಎಂದರು. ಆ ಹೆಸರು ಕೇಳಿದಾಗಲೇ ನನಗೆ ನೀಲವ್ವನ ಕಾಗದ ನೆನಪಾಯಿತು. ಸಂಕೀರ್ಣದ ಕಟ್ಟು ಬಿಚ್ಚಿ ತೆಗೆದುಕೊಟ್ಟೆ. ಓದಿದರು. ನನ್ನ ಠಸ್ಸೆಯ ತಾರೀಖು ನೋಡಿದರು, ಅಂದಿಗೆ ಗಡುವು ಮುಗಿಯಲು ಇನ್ನೂ ನಾಲ್ಕು ದಿನ ಇತ್ತು. ನಾನು ಬೈಸಿಕೊಳ್ಳಲು ತಯಾರಾಗಿ ನಿಂತೆ. ಬೈಯಲಿಲ್ಲ.

"ನಿಮ್ಮ ತಪ್ಪಲ್ಲರಿ. ನಾ ಅವರಿಗೆ ಹೆಸರು ಓದಿ ಹೇಳಿದೆ, ನಂಬರ್ ಹೇಳಲೇ ಇಲ್ಲ. ನಾ ಹೇಳಿದ್ದನ್ನ ಅವರು ಬರದಾರ," ಎಂದರು.

ಸಾಹೇಬರು ಕೆಟ್ಟವರೇನಲ್ಲ. "ಕಡತ ನಮ್ಮ ಕೈ ದಾಟಿ ಹೋಗೇದ. ಈ ಅರ್ಜಿಯೊಳಗ ನಂಬರೂ ಇಲ್ಲ. ಏನಂತ ಬರೀಲಿ ಹೇಳ್ರಿ," ಎಂದು ಅವರೂ ನೊಂದುಕೊಂಡರು. ಆದರೂ ಕಾಕಾ ಉದ್ಯಾನವನ್ನು ಮಡ್ಡಿಗೆ ಸರಿಸಿದರೆ ಹೇಗೆ ಬರುತ್ತದೆ ಎಂದು ಒಂದು ನಕಾಶೆ ಬರೆದು, ಪತ್ರದ ಜೊತೆ ಕಳಿಸಿದರು. ಪುನಃ ಪರಿಶೀಲಿಸಲು ಅವಕಾಶವಿಲ್ಲ ಎಂದು ಎರಡು ಸಾಲಿನ ಉತ್ತರ ಬಂತು. ಕೊನೆಗೆ ಬಿಲ್ಡರನ ಹತ್ತಿರವೇ ಹೋದರು. ಅವನು ಕೂಡಿಸಿ ಚಹಾ ತರಿಸಿದನಂತೆ. ಜೀವಮಾನದಲ್ಲಿ ಅರ್ಜಿದಾರರ ಚಹಾ ಮುಟ್ಟದವರು ಅಂದು ಕುಡಿದರು, ಕುಡಿದು ಕೈಮುಗಿದು ಕೇಳಿದರು. ಆ ಬದಿಯ ಸೈಟುಗಳೆಲ್ಲ ಬುಕ್ ಆಗಿವೆ ಎಂದು ಅವನೂ ಕೈಮುಗಿದು ಕಳಿಸಿದ. "ಚಹಾ ಕುಡದು ಬಂದೆ ನೋಡ್ರಿ," ಎಂದಷ್ಟೇ ನನಗೆ ಹೇಳಿದರು. ಆ ಮುಖವನ್ನು ನಾನು ಯಾವತ್ತೂ ಮರೆಯಲಾರೆ.

ಇನ್ನು ಆ ಊರಿಗೆ ಹೋಗಿ ಹೇಳುವುದು ಉಳಿದಿತ್ತು. ನಾನೂ ಬರುತ್ತೇನೆ ಎಂದೆ, ದನಿಯಲ್ಲಿ ಜೀವವಿರಲಿಲ್ಲ. "ನೀವು ಬರೂದು ಬ್ಯಾಡ. ನಾ ಹೋಗಿ ಹೇಳಿ ಬರ್ತೇನಿ," ಎಂದರು. ನಾನು ಎರಡನೇ ಸಲ ಒತ್ತಾಯ ಮಾಡಲಿಲ್ಲ. ಕಚೇರಿಯಲ್ಲಿ ಎಲ್ಲರ ಬಾಯಿ ಮುಚ್ಚಿಸುವ ನನ್ನ ಬಾಯಿ ಅಂದು ಬಿದ್ದುಹೋಗಿತ್ತು. ಅಲ್ಲಿ ಏನಾಯಿತು ಎಂದು ಅವರು ಹೇಳಲಿಲ್ಲ, ನಾನು ಕೇಳಲೂ ಇಲ್ಲ.

ಆಮೇಲೆ ಅವರ ಓದುವ ರೀತಿ ಬದಲಾಯಿತು. ಹೆಸರನ್ನೂ ಹೇಳುತ್ತಿದ್ದರು, ನಂಬರನ್ನೂ ಸೀಮೆಸುಣ್ಣದಿಂದ ಗೋಡೆಯ ಮೇಲೆ ಬರೆದು, ಹೆಂಗಸರ ಬಾಯಿಂದ ಮೂರು ಸಲ ಹೇಳಿಸುತ್ತಿದ್ದರು. ಅಕ್ಷರ ಬಾರದ ಮುದುಕಿಯರು ಸರ್ವೇ ನಂಬರು, ಹಿಸ್ಸಾ ನಂಬರು ಬಾಯಿಪಾಠ ಮಾಡಿಕೊಂಡು ನನ್ನ ಮೇಜಿಗೆ ಬಂದು ಒಪ್ಪಿಸುತ್ತಿದ್ದರು. ಕಚೇರಿಯಲ್ಲಿ ಎಲ್ಲರಿಗೂ ಅದೊಂದು ತಮಾಷೆ. ನಾನು ಮಾತ್ರ ನಗುತ್ತಿರಲಿಲ್ಲ. ನಿವೃತ್ತಿಯಾದ ಮೇಲೂ ಪತ್ರಿಕೆ ಕತ್ತರಿಸಿಕೊಂಡು ತಿರುಗುವುದನ್ನು ಅವರು ಬಿಡಲಿಲ್ಲ.

ಅವರ ಮನೆ ಕೆಲಗೇರಿಯಲ್ಲಿ. ಮಣ್ಣಿಗೆ ಹೋದಾಗ ಆ ಸಣ್ಣ ಓಣಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಗಿರಣಿಯ ಹೆಂಗಸು ಹಿಟ್ಟು ಮೆತ್ತಿದ ಸೀರೆಯಲ್ಲೇ ಬಂದಿದ್ದಳು. ಎಲ್ಲೆಲ್ಲಿಯ ಓಣಿಗಳಿಂದಲೋ ಟೆಂಪೋ ಮಾಡಿಕೊಂಡು ಬಂದಿದ್ದರು. ಐದನೆಯ ದಿನ ಮತ್ತೆ ಹೋದೆ. ಅವರ ಹೆಂಡತಿಯನ್ನು ನಾನು ಕಾಕು ಅನ್ನುತ್ತೇನೆ. ಕಾಕು ಬಂದವರನ್ನೆಲ್ಲ ನೆನೆಸಿಕೊಂಡು, "ಎಲ್ಲಾರೂ ಬಂದ್ರು ನೋಡವಾ. ಕೂಸಿನ ಮಡ್ಡಿ ಊರಿನವರು ಅಷ್ಟ ಬರಲಿಲ್ಲ," ಎಂದರು.

"ಯಾಕ್ರಿ, ಕಾಕು?"

"ಇವರ ಮ್ಯಾಲ ಸಿಟ್ಟು ಅವರಿಗೆ. ನಿಮ್ಮ ಅರ್ಜಿ ಕಚೇರಿಯವರು ನನಗ ಮುಟ್ಟಿಸಿದ್ರು, ನನ್ನ ಚೀಲದಾಗ ಉಳಕೊಂಡು ಬಿಡ್ತು, ನಾನ ಮರತೆ ಅಂತ ಹೇಳಿ ಬಂದಿದ್ರಲ್ಲ. ಆ ಹೆಣ್ಣಮಗಳು ನೀಲವ್ವ, ನಿಮ್ಮ ಮಣ್ಣಿಗೆ ನಮ್ಮೂರಿಂದ ಒಂದ ನರಪಿಳ್ಳಿನೂ ಬರಂಗಿಲ್ಲ ಅಂದಿದ್ಲಂತ. ಅಂದು ಇವರು ಮನಿಗೆ ಬಂದು ಉಣಲೇ ಇಲ್ಲ."

ಇಷ್ಟು ವರ್ಷ ನಾನು ಆರಾಮಾಗಿ ಉಂಡು, ಮಲಗಿ, ಬಡ್ತಿ ತೆಗೆದುಕೊಂಡು ಇದ್ದೆ. ನನ್ನ ತಪ್ಪನ್ನು ಆ ಮನುಷ್ಯ ಹೊತ್ತುಕೊಂಡು ತಿರುಗಿದ್ದರು, ನನಗೆ ಒಂದು ಮಾತೂ ತಿಳಿಯಗೊಡದೆ. ಕಾಕುವಿನ ಎದುರು ಅತ್ತುಬಿಟ್ಟೆ. ಕಾಕಾ ಹೋದ ದುಃಖಕ್ಕೆ ಅಳುತ್ತಿದ್ದೇನೆ ಎಂದು ತಿಳಿದು ಅವರೇ ನನ್ನ ಬೆನ್ನು ಸವರಿದರು.

ಮರುದಿನ ಬೆಳಿಗ್ಗೆ ಆ ಊರಿಗೆ ಹೋದೆ. ಬಡಾವಣೆ ಪೂರ್ತಿಯಾಗಿದೆ. ಉದ್ಯಾನ ಮುಂಭಾಗದಲ್ಲಿದೆ, ಗೇಟಿಗೆ ಬೀಗ, ಒಳಗೆ ಒಂದು ಜಾರುಬಂಡೆ. ಮಡ್ಡಿ ಇದ್ದಲ್ಲಿ ಎರಡಂತಸ್ತಿನ ಮನೆಗಳು. ಕಲ್ಲುಗಳನ್ನೆಲ್ಲ ಜೆಸಿಬಿ ಒಂದೇ ದಿನದಲ್ಲಿ ಎತ್ತಿಹಾಕಿತು ಎಂದು ದಾರಿ ತೋರಿಸಿದವರು ಹೇಳಿದರು.

ನೀಲವ್ವನಿಗೆ ತುಂಬ ವಯಸ್ಸಾಗಿದೆ. ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದಳು. ನನ್ನ ಗುರುತು ಹತ್ತಲಿಲ್ಲ. ಎದುರಿಗೆ ನೆಲದ ಮೇಲೆ ಕೂತು ಒಂದೇ ಉಸಿರಿನಲ್ಲಿ ಹೇಳಿದೆ: ಅರ್ಜಿ ತೆಗೆದುಕೊಂಡವಳು ನಾನು, ಬೇರೆ ಕಟ್ಟಿನಲ್ಲಿ ಹಾಕಿದವಳು ನಾನು, ಯಾರದೂ ತಕರಾರಿಲ್ಲ ಎಂದು ಬರೆದವಳೂ ನಾನು. ಕಾಕಾರ ಚೀಲಕ್ಕೆ ಆ ಅರ್ಜಿ ಹೋಗಿರಲೇ ಇಲ್ಲ.

ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. ಹಂಚಿನ ಮೇಲಿದ್ದ ರೊಟ್ಟಿ ಸೀದ ವಾಸನೆ ಬಂದರೂ ತೆಗೆಯಲಿಲ್ಲ. ಬಯ್ಯಲಿ, ಹೊಡೆಯಲಿ ಎಂದು ಕಾಯುತ್ತ ಕೂತೆ.

"ನಿನ್ನ ತಪ್ಪಂತ ಅವರಿಗೆ ಗೊತ್ತಿತ್ತು?"

"ಗೊತ್ತಿತ್ತವ್ವಾ."

"ಗೊತ್ತಿದ್ದೂ ನನ್ನ ಕಡೆ ಅನಸ್ಕೊಂಡ್ರು?"

ನಾನು ಹೌದೆಂದು ತಲೆ ಆಡಿಸಿದೆ. ನೀಲವ್ವ ಹಿಟ್ಟಿನ ಕೈಯನ್ನೇ ಬಾಯಿಗೆ ಒತ್ತಿಕೊಂಡಳು. ನನ್ನ ಕಡೆಗೆ ನೋಡಲೂ ಇಲ್ಲ.

"ಅಯ್ಯ ಯವ್ವಾ," ಎಂದಳು, "ಅವರ ಮಣ್ಣಿಗೆ ನಾ ಹೋಗಲಿಲ್ಲಲ್ಲ."